ಪಟದ ಬೆನ್ನು

‘ಪಟ’ ಎಂಬ ಮಾತಿಗೆ ಸಂಸ್ಕೃತದಲ್ಲಿ ಬಟ್ಟೆ ಎಂದು ಅರ್ಥ. ನಮ್ಮ ಆಡುಮಾತಿನಲ್ಲಾದರೋ ಅದು ಬಟ್ಟೆಯನ್ನು ಮರೆತು ಚಿತ್ರವೇ ಆಗಿಬಿಟ್ಟಿದೆ. ಗಾಜಿನ ಹಿಂದೆ ಕುಳಿತ ಕಾಗದದ ಚಿತ್ರವನ್ನೂ ನಾವು ದೇವರ ಪಟವೆಂದೇ ಕರೆಯುತ್ತೇವೆ. ಈಗ ಬಟ್ಟೆಯ ಮೇಲೆಯೇ ಶಾಯಿ ಸಿಡಿಸಿ ಮುದ್ರಿಸುವ ಯಂತ್ರಗಳು ಎಲ್ಲೆಲ್ಲೂ ಬಂದಿರುವುದರಿಂದ ಈ ಮಾತು ತನ್ನ ಹಳೆಯ ಅರ್ಥಕ್ಕೆ ಮರಳುತ್ತಿದೆಯೆನ್ನಬಹುದು. ಹಾಗೆ ಮುದ್ರಿಸಿದ ಕ್ಯಾನ್ವಾಸ್ ಬಟ್ಟೆಯನ್ನು ಮರದ ಚೌಕಟ್ಟಿನ ಮೇಲೆ ಬಿಗಿದು ಪಟವಾಗಿಸುವ ಕೆಲಸವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ಬಿ.ಎ. ತರಗತಿಯವರಿಗೆ ಇದೇನು ವಿಷಯವೆಂದು ಮಿತ್ರರು ಹುಬ್ಬೇರಿಸಬಹುದು. ನಮ್ಮ ತಂದೆಯವರು ಕುಂದಲಹಳ್ಳಿಯ ಕಟ್ಟು ಹಾಕುವ ಅಂಗಡಿಯೊಂದರಲ್ಲಿ ಮರದ ಕೆಲಸದವರು. ಪಿ.ಯು.ಸಿ. ಓದುತ್ತಿದ್ದಾಗಿನಿಂದ ಸಂಜೆಯ ಹೊತ್ತು ನಾನೂ ಅಲ್ಲಿ ಕೈಗೂಡಿಸುತ್ತ ಬಂದಿದ್ದೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಆ ಮೆಟ್ಟಿಲಿನ ಶುಲ್ಕವೂ ಪುಸ್ತಕಗಳೂ ಬಹುಮಟ್ಟಿಗೆ ಈ ಕೆಲಸದಿಂದಲೇ ಬಂದವು. ಆದ್ದರಿಂದ ನನಗೆ ಚೆನ್ನಾಗಿ ಗೊತ್ತಿರುವ ಶಾಸ್ತ್ರ ಯಾವುದೆಂದು ಕೇಳಿದರೆ, ಗುರುಗಳು ಮನ್ನಿಸಬೇಕು, ಇದೇ ಎಂದು ಹೇಳಬೇಕಾಗುತ್ತದೆ.

ಹೊಲ ತೋಟಗಳಿದ್ದ ನಮ್ಮ ಊರಿನ ನೆಲದಲ್ಲಿ ಈಗ ಕಚೇರಿಗಳೂ ಬಹುಮಹಡಿಯ ವಸತಿಗಳೂ ಎದ್ದಿವೆ. ೨೦೨೩ರ ಮಾರ್ಚಿಯಲ್ಲಿ ಮೆಟ್ರೋ ರೈಲೂ ಬಂತು. ಹೊಸ ಮನೆಗಳಲ್ಲಿ ಗೋಡೆಗಳು ಬೋಳು. ಗೋಡೆ ಬೋಳಾಗಿದ್ದರೆ ಮನೆಯವರಿಗೆ ಸಮಾಧಾನವಿಲ್ಲ. ಹೀಗಾಗಿ ಪ್ರತಿದಿನವೂ ಯಾರಾದರೊಬ್ಬರು ಕಂಕುಳಲ್ಲಿ ಒಂದು ಉದ್ದನೆಯ ಸುರುಳಿಯನ್ನಿಟ್ಟುಕೊಂಡು ಅಂಗಡಿಗೆ ಬರುತ್ತಾರೆ. “ಪ್ರಿಂಟ್ ಆಗಿದೆ, ಸುಮ್ಮನೆ ಒಂದು ಫ್ರೇಮಿಗೆ ಹೊಡೆದುಕೊಡಿ” ಎನ್ನುತ್ತಾರೆ. ಆ ‘ಸುಮ್ಮನೆ’ ಎಂಬ ಮಾತಿನಲ್ಲಿಯೇ ತೊಡಕೆಲ್ಲ ಇರುವುದು.

ಚಿತ್ರಕ್ಕೆ ಬಟ್ಟೆಯೇ ಏಕೆ ಬೇಕಾಯಿತೆಂಬುದನ್ನು ಮೊದಲು ನೋಡೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರ ಬರೆಯುವುದಕ್ಕಾಗಿ ಗೋಡೆಯನ್ನು ಹದಮಾಡುವ ವಿಧಾನ ಬಂದಿದೆ. ಗೋಡೆಯ ಚಿತ್ರ ಗೋಡೆಯೊಡನೆಯೇ ಇರುತ್ತದೆ, ಗೋಡೆಯೊಡನೆಯೇ ಹೋಗುತ್ತದೆ. ಮೈಸೂರು ಸಂಪ್ರದಾಯದ ಚಿತ್ರಕಾರರು ಕಾಗದವನ್ನು ಹಲಗೆಗೆ ಅಂಟಿಸಿ, ಮೇಲೆ ಉಬ್ಬುಕೆಲಸ ಮಾಡಿ, ಚಿನ್ನದ ರೇಕು ಹಚ್ಚಿದರು. ಹಲಗೆ ಗಟ್ಟಿಯಾದದ್ದೇನೋ ಸರಿ. ಆದರೆ ಭಾರ, ದೊಡ್ಡದಾದಷ್ಟೂ ಸೊಟ್ಟಗಾಗುವ ಭಯ ಬೇರೆ. ಅತ್ತ ಇಟಲಿಯ ವೆನಿಸ್ ನಗರದವರಿಗೆ ಸಮುದ್ರದ ತೇವದಿಂದಾಗಿ ಗೋಡೆಯ ಚಿತ್ರ ನಿಲ್ಲುತ್ತಿರಲಿಲ್ಲ. ಹಡಗಿನ ಹಾಯಿಬಟ್ಟೆಗೆ ಮಾತ್ರ ಕೊರತೆಯಿರಲಿಲ್ಲ. ೧೫, ೧೬ನೆಯ ಶತಮಾನಗಳಲ್ಲಿ ಅವರು ಆ ಬಗೆಯ ಬಟ್ಟೆಯನ್ನೇ ಮರದ ಚೌಕಟ್ಟಿಗೆ ಬಿಗಿದು ಬಣ್ಣ ಹಚ್ಚತೊಡಗಿದರು. ಹಗುರ, ಬೇಕೆಂದಷ್ಟು ದೊಡ್ಡದು, ಸುರುಳಿ ಸುತ್ತಿ ಬೇರೆ ಊರಿಗೂ ಒಯ್ಯಬಹುದು. ಕ್ಯಾನ್ವಾಸ್ ಎಂಬ ಹೆಸರು ಕ್ಯಾನಬಿಸ್ ಎಂಬ ನಾರಿನ ಗಿಡದಿಂದ ಬಂದದ್ದು. (ಅದು ನಮ್ಮ ಭಂಗಿಯ ಗಿಡವೇ ಎಂಬುದನ್ನು ಇಲ್ಲಿ ಮೆಲ್ಲಗೆ ಹೇಳಿ ಮುಂದಕ್ಕೆ ಹೋಗುತ್ತೇನೆ.)

ನಮ್ಮ ದೇಶದಲ್ಲಿ ಕ್ಯಾನ್ವಾಸಿನ ಮೇಲಿನ ತೈಲಚಿತ್ರವೆಂದೊಡನೆ ನೆನಪಾಗುವ ಹೆಸರು ರಾಜಾ ರವಿವರ್ಮನದು (೧೮೪೮–೧೯೦೬). ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ಅವನ ಮೂಲಚಿತ್ರಗಳುಂಟು. ಆದರೆ ನಮ್ಮ ಅಜ್ಜಿಯರ ಮನೆಗಳಿಗೆ ಬಂದ ರವಿವರ್ಮನೇ ಬೇರೆ. ೧೮೯೪ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅವನ ಕಲ್ಲಚ್ಚಿನ ಮುದ್ರಣಾಲಯದಿಂದ ಹೊರಟ ಲಕ್ಷ್ಮಿ ಸರಸ್ವತಿಯರೆಲ್ಲ ಕಾಗದದವರು. ಕಾಗದಕ್ಕೆ ಮುಂದೆ ಗಾಜು, ಹಿಂದೆ ರಟ್ಟು, ಸುತ್ತ ಕಟ್ಟು, ಅಲ್ಲಿಗೆ ಮುಗಿಯಿತು. ಮೂಲಚಿತ್ರ ಬಟ್ಟೆಯ ಮೇಲೆ, ಪ್ರತಿ ಕಾಗದದ ಮೇಲೆ ಎಂಬುದು ನಮ್ಮ ಮನೆಗಳಲ್ಲಿ ಬಹುಕಾಲದ ರೂಢಿಯಾಗಿತ್ತು. ಪ್ರತಿಯೂ ಬಟ್ಟೆಗೇರಿದ್ದು ಶಾಯಿ ಸಿಡಿಸುವ ಯಂತ್ರಗಳು ಬಂದ ಮೇಲೆ. ೧೯೯೧ರಲ್ಲಿ ಜ್ಯಾಕ್ ಡುಗಾನ್ ಎಂಬ ಅಮೆರಿಕದ ಮುದ್ರಕನು ಇಂಥ ಮುದ್ರಣಕ್ಕೆ ಫ್ರೆಂಚಿನಿಂದ ಪದ ತೆಗೆದು ‘ಝೀಕ್ಲೇ’ ಎಂದು ನಾಮಕರಣ ಮಾಡಿದ. ನಮ್ಮ ಅಂಗಡಿಯಲ್ಲಿ ಕ್ಯಾನ್ವಾಸ್ ಪ್ರಿಂಟ್ ಎಂದರೆ ಸಾಕು.

ಚಿತ್ರಕಾರನ ಕ್ಯಾನ್ವಾಸಿಗೂ ಮುದ್ರಣದ ಕ್ಯಾನ್ವಾಸಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಚಿತ್ರಕಾರನು ಬರಿಯ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದುಕೊಂಡು, ಅದರ ಮೇಲೆ ಲೇಪ ಕೊಟ್ಟು, ಒಣಗಿದ ಮೇಲೆ ಚಿತ್ರ ಬರೆಯುತ್ತಾನೆ. ಎಳೆಯುವಾಗ ಬಟ್ಟೆ ತುಸು ಓರೆಯಾದರೂ ಚಿತ್ರವನ್ನು ನೇರವಾಗಿಯೇ ಬರೆದುಕೊಳ್ಳಬಹುದು. ಅವನಿಗೆ ಮೊದಲು ಕಟ್ಟು, ಆಮೇಲೆ ಚಿತ್ರ. ನಮಗೆ ಮೊದಲು ಚಿತ್ರ, ಆಮೇಲೆ ಕಟ್ಟು. ಮುದ್ರಣವಾಗಿ ಬಂದ ಬಟ್ಟೆಯನ್ನು ನಾವು ಎಳೆದ ಪ್ರತಿಯೊಂದು ಎಳೆತವೂ ಚಿತ್ರವನ್ನೇ ಎಳೆಯುತ್ತದೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಎಳೆದರೆ ಮುಖ ಸೊಟ್ಟಗಾದೀತು, ಕಂಬ ಬಾಗೀತು. ನಾನು ಮೊದಮೊದಲು ಕೆಲಸ ಕಲಿಯುವಾಗ ಅಪ್ಪ ದಿನಕ್ಕೆ ಹತ್ತು ಸಲ ಹೇಳುತ್ತಿದ್ದುದು ಒಂದೇ ಮಾತು: “ಬಲ ಬೇಡ ಕಣಮ್ಮ, ಸಮ ಬೇಕು.” ಮುಂದೆ ಹೇಳುವುದೆಲ್ಲ ಈ ಮಾತಿನ ವಿವರಣೆಯಷ್ಟೆ.

ಮೊದಲು ಮರ. ಚೌಕಟ್ಟಿಗೆ ಬೇಕಾದದ್ದು ಒಣಗಿದ, ಗಂಟಿಲ್ಲದ, ನೇರವಾದ ರೀಪು. ಅದು ತೀರ ಗಟ್ಟಿಯಾಗಿರಕೂಡದು. ಗಟ್ಟಿ ಮರದಲ್ಲಿ ಪಿನ್ನು ಇಳಿಯುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಪೈನ್ ಮತ್ತು ಸಿಲ್ವರ್ ಓಕ್. ಹೊರದೇಶದ ಯಂತ್ರಗಳನ್ನು ತುಂಬಿಕೊಂಡು ಕಾರ್ಖಾನೆಗಳಿಗೆ ಬರುವ ಪೆಟ್ಟಿಗೆಗಳನ್ನು ಒಡೆದಾಗ ಸಿಕ್ಕುವ ಪೈನ್ ಹಲಗೆಯೂ ಇದಕ್ಕೆ ಒದಗುತ್ತದೆ. ಮರವು ತನ್ನ ಎಳೆಯ ಉದ್ದಕ್ಕೆ ಬಹುಮಟ್ಟಿಗೆ ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಎಳೆಗೆ ಅಡ್ಡಲಾಗಿ ಮಾತ್ರ ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ. ಹಸಿ ಮರದ ರೀಪು ಚೌಕಟ್ಟಾದ ಮೇಲೆ ಒಣಗಿದರೆ ತಿರುಚಿಕೊಂಡು, ನಾಲ್ಕು ಮೂಲೆಗಳಲ್ಲಿ ಒಂದು ಗೋಡೆಯಿಂದ ಎದ್ದು ನಿಲ್ಲುತ್ತದೆ. ಇದಕ್ಕೆ ಆಮೇಲೆ ಮದ್ದಿಲ್ಲ.

ರೀಪಿನ ಆಕಾರದಲ್ಲಿ ಒಂದು ಗುಟ್ಟಿದೆ. ಬಟ್ಟೆಯ ಕಡೆಗೆ ಬರುವ ಮುಖ ಚಪ್ಪಟೆಯಾಗಿರಕೂಡದು. ಹೊರ ಅಂಚು ಎತ್ತರವಾಗಿದ್ದು, ಅಲ್ಲಿಂದ ಒಳಗಡೆಗೆ ಇಳಿಜಾರಾಗಿರಬೇಕು. ಅಂದರೆ ಬಟ್ಟೆ ಮರಕ್ಕೆ ತಾಗುವುದು ಹೊರ ಅಂಚಿನಲ್ಲಿ ಮಾತ್ರ. ಉಳಿದ ಕಡೆ ಅದು ಗಾಳಿಯಲ್ಲಿಯೇ ನಿಂತಿರುತ್ತದೆ. ಚಪ್ಪಟೆ ರೀಪಿನ ಮೇಲೆ ಬಿಗಿದ ಚಿತ್ರವನ್ನು ಕೆಲವು ತಿಂಗಳ ಮೇಲೆ ಪಕ್ಕದ ಬೆಳಕಿನಲ್ಲಿ ನೋಡಿ: ಅಂಚಿನಿಂದ ಒಂದೆರಡು ಅಂಗುಲ ಒಳಗೆ, ರೀಪು ಮುಗಿಯುವ ಕಡೆ, ಸುತ್ತಲೂ ಒಂದು ಗೆರೆ ಎದ್ದು ಕಾಣುತ್ತದೆ. ಅಗ್ಗದ ಕೆಲಸದ ಗುರುತು ಇದೇ. ಅಪ್ಪನವರು ಉಜ್ಜುಗೊರಡಿನಿಂದ ಪ್ರತಿಯೊಂದು ರೀಪಿಗೂ ಇಳಿಜಾರು ತೆಗೆಯುತ್ತಾರೆ. ಮುಗಿದ ಪಟದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಲ್ಲಿನಲ್ಲಿ ಇದಕ್ಕೆ ಬೇರೆ ಕಾಸೂ ಇಲ್ಲ.

ನಾಲ್ಕು ರೀಪುಗಳ ತುದಿಯನ್ನು ೪೫ ಡಿಗ್ರಿಗೆ ಕತ್ತರಿಸಿ ಕೂಡಿಸಿದ ಮೇಲೆ ಮೂಲೆ ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಮೂಲೆಮಟ್ಟವನ್ನು ಇಟ್ಟು ನೋಡಬಹುದು. ಆದರೆ ದೊಡ್ಡ ಚೌಕಟ್ಟಿಗೆ ಅದನ್ನೊಂದನ್ನೇ ನಂಬುವಂತಿಲ್ಲ. ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಟೇಪು ಹಿಡಿದು ಎರಡು ಕರ್ಣಗಳನ್ನೂ ಅಳೆಯಬೇಕು. ಎರಡೂ ಒಂದೇ ಆದರೆ ಚೌಕಟ್ಟು ನೇರ. ೨೪ ಅಂಗುಲಕ್ಕೆ ೩೬ ಅಂಗುಲದ ಚೌಕಟ್ಟಿನಲ್ಲಿ ಕರ್ಣವು ೪೩ ಕಾಲು ಅಂಗುಲ ಬರುತ್ತದೆ. ನಾನು ಹೈಸ್ಕೂಲಿನಲ್ಲಿ ಪೈಥಾಗೊರಸನ ಪ್ರಮೇಯವನ್ನು ಬಾಯಿಪಾಠ ಮಾಡುತ್ತಿದ್ದಾಗ ಅಪ್ಪ ಕೇಳಿಸಿಕೊಂಡು, “ಇದು ನಮ್ಮ ಅಡ್ಡ ಅಳತೆ ಅಲ್ಲವಾ?” ಎಂದಿದ್ದರು. ಶಾಲೆಯನ್ನು ನಾಲ್ಕನೆಯ ತರಗತಿಗೆ ಬಿಟ್ಟವರು ಅವರು. ಎರಡು ಅಡಿಯೊಳಗಿನ ಚಿತ್ರಕ್ಕೆ ಮುಕ್ಕಾಲು ಅಂಗುಲದ ರೀಪು ಸಾಕು. ಅದಕ್ಕೂ ದೊಡ್ಡದಾದರೆ ಒಂದೂವರೆ ಅಂಗುಲದ್ದು ಬೇಕು. ಮೂರು ಅಡಿ ದಾಟಿದರೆ ನಡುವೆ ಒಂದು ಅಡ್ಡಪಟ್ಟಿಯನ್ನೂ, ಅದು ಬಟ್ಟೆಗೆ ತಾಗದಂತೆ ಹಿಂದಕ್ಕೆ ಸರಿಸಿ, ಕೊಡಬೇಕು. ಇಲ್ಲದಿದ್ದರೆ ಬಟ್ಟೆಯ ಬಿಗಿತಕ್ಕೆ ಉದ್ದದ ರೀಪುಗಳು ಒಳಕ್ಕೆ ಬಾಗುತ್ತವೆ.

ಇನ್ನು ಬಟ್ಟೆ. ಇಲ್ಲಿ ಎಚ್ಚರ ಮುದ್ರಣಕ್ಕೆ ಮುಂಚೆಯೇ ಬೇಕು. ಚಿತ್ರದ ಮುಖ ೨೪ಕ್ಕೆ ೩೬ ಅಂಗುಲವಿದ್ದು ರೀಪಿನ ದಪ್ಪ ಒಂದೂವರೆ ಅಂಗುಲವಾದರೆ, ಪಕ್ಕವನ್ನು ಹೊದಿಯಲು ಒಂದೂವರೆ, ಹಿಂದೆ ಮಡಿಸಿ ಪಿನ್ನು ಹೊಡೆಯಲು ಇನ್ನು ಒಂದೂವರೆ, ಹೀಗೆ ಪ್ರತಿ ಕಡೆಗೂ ಮೂರು ಅಂಗುಲ ಹೆಚ್ಚು ಬೇಕು. ಎಂದರೆ ಬಟ್ಟೆ ೩೦ಕ್ಕೆ ೪೨ ಅಂಗುಲ ಇರಬೇಕು. ಪಕ್ಕಕ್ಕೆ ಹೋಗುವ ಭಾಗವನ್ನು ಬಿಳಿಯಾಗಿಯೇ ಬಿಡಬಹುದು, ಒಂದು ಬಣ್ಣ ತುಂಬಬಹುದು, ಇಲ್ಲವೆ ಚಿತ್ರದ ಅಂಚನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಬಹುದು. ಕೊನೆಯದು ನನಗೆ ಮೆಚ್ಚು. ಮುಖದಲ್ಲಿ ಏನೂ ಕಳೆದುಹೋಗುವುದಿಲ್ಲ, ಪಕ್ಕವೂ ಬೋಳಾಗಿ ಕಾಣುವುದಿಲ್ಲ.

ಈ ಮೂರು ಅಂಗುಲದ ಲೆಕ್ಕ ಎಷ್ಟು ದೊಡ್ಡದೆಂಬುದು ಕಳೆದ ವರ್ಷ ಹಳೆಯ ಊರಿನ ಹಿರಿಯರೊಬ್ಬರು ಬಂದಾಗ ನನಗೆ ಮನದಟ್ಟಾಯಿತು. ಅವರ ತಾಯಿಯವರದು ಒಂದೇ ಒಂದು ಫೋಟೋ ಇತ್ತಂತೆ, ಅಂಗೈಯಗಲದ್ದು. ಅದನ್ನು ಎಲ್ಲಿಯೋ ದೊಡ್ಡದು ಮಾಡಿಸಿ ಕ್ಯಾನ್ವಾಸಿನ ಮೇಲೆ ಮುದ್ರಿಸಿ ತಂದಿದ್ದರು. ಮುದ್ರಿಸಿದವರು ಸುತ್ತ ಅರ್ಧ ಅಂಗುಲವನ್ನೂ ಬಿಟ್ಟಿರಲಿಲ್ಲ. ತಾಯಿ ಕುರ್ಚಿಯಲ್ಲಿ ಕುಳಿತಿದ್ದಾರೆ. ಬಲಗಡೆಯ ಅಂಚಿನಲ್ಲಿ ಅವರ ಸೆರಗನ್ನು ಹಿಡಿದು ಒಂದು ಪುಟ್ಟ ಹುಡುಗ ನಿಂತಿದ್ದಾನೆ. ಆ ಹುಡುಗನೇ ಈಗ ಸುರುಳಿ ಹಿಡಿದು ನಮ್ಮೆದುರು ನಿಂತಿದ್ದ ಹಿರಿಯರು. ಬಟ್ಟೆಯನ್ನು ರೀಪಿಗೆ ಮಡಿಸಿದರೆ ಹುಡುಗ ಪೂರ್ತಿಯಾಗಿ ಪಕ್ಕಕ್ಕೆ ಹೋಗುತ್ತಾನೆ, ಸೆರಗು ಹಿಡಿದ ಕೈ ಮಾತ್ರ ಮುಂದೆ ಉಳಿಯುತ್ತದೆ. ಬೇರೆ ಅಂಗಡಿಯವರೊಬ್ಬರು, “ಅಮ್ಮನ ಮುಖ ಚೆನ್ನಾಗಿ ಬರುತ್ತಲ್ಲ, ಸಾಕು ಬಿಡಿ” ಎಂದಿದ್ದರಂತೆ.

ಅಪ್ಪ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ನೋಡಿದರು. “ಇದನ್ನು ಎಳೆಯೋದು ಬೇಡ ಯಜಮಾನರೆ. ಮೂಲ ಫೋಟೋ ಇದ್ದರೆ ಇನ್ನೊಂದು ಸಲ ಅಂಚು ಬಿಟ್ಟು ಮುದ್ರಿಸಿ ತನ್ನಿ,” ಎಂದರು. ಆದರೆ ಮರುದಿನವೇ ತಾಯಿಯವರ ವರ್ಷದ ತಿಥಿ. ಆಗ ಅಪ್ಪ ಬೇರೆ ದಾರಿ ಹಿಡಿದರು. ನಯವಾದ ಹಲಗೆಯೊಂದನ್ನು ಚಿತ್ರದ ಅಳತೆಗೆ ಸರಿಯಾಗಿ ಕತ್ತರಿಸಿ, ಮೇಲೆ ತೆಳ್ಳಗೆ ಅಂಟು ಸವರಿ, ಬಟ್ಟೆಯನ್ನು ನಡುವಿನಿಂದ ಅಂಚಿಗೆ ಗಾಳಿ ಉಳಿಯದಂತೆ ಒರಳು ಕೋಲಿನಿಂದ ಒತ್ತುತ್ತ ಕೂಡಿಸಿದರು. ಮೈಸೂರಿನ ಚಿತ್ರಕಾರರ ಹಳೆಯ ಹಲಗೆಯ ಉಪಾಯವೇ ಇದು. ಸಾಮಾನ್ಯ ಕಟ್ಟು ಹಾಕಿದ್ದರೆ ಅದರ ತುಟಿ ಸುತ್ತಲೂ ಕಾಲು ಅಂಗುಲ ಚಿತ್ರವನ್ನು ನುಂಗುತ್ತಿತ್ತು. ಅದನ್ನೂ ತಪ್ಪಿಸಲು ತಟ್ಟೆಯಂಥ ಕಟ್ಟು ಮಾಡಿ, ಹಲಗೆಯನ್ನು ಅದರೊಳಗೆ ಹಿಂದಿನಿಂದ ತಿರುಪು ಹಾಕಿ ನಿಲ್ಲಿಸಿದರು. ಚಿತ್ರಕ್ಕೂ ಕಟ್ಟಿಗೂ ನಡುವೆ ಸುತ್ತಲೂ ಕಡ್ಡಿಯಷ್ಟು ಸಂದು ಉಳಿಯಿತು. ಹುಡುಗನ ಕಾಲಬೆರಳೂ ಮರೆಯಾಗಲಿಲ್ಲ. ಹೀಗೆ ಅಂಟಿಸಿದ ಬಟ್ಟೆಯನ್ನು ಮತ್ತೆ ಬಿಡಿಸುವುದು ಕಷ್ಟ. ಆದ್ದರಿಂದ ಸಾಮಾನ್ಯವಾಗಿ ಇದನ್ನು ಮಾಡುವುದಿಲ್ಲ. ಮೂಲ ಫೋಟೋ ಮನೆಯಲ್ಲಿ ಭದ್ರವಾಗಿದೆಯೆಂದು ಕೇಳಿ ತಿಳಿದ ಮೇಲೆಯೇ ಅಪ್ಪ ಅಂಟಿಗೆ ಕೈ ಹಾಕಿದ್ದು.

ಈಗ ಬಿಗಿಯುವ ಕ್ರಮಕ್ಕೆ ಬರೋಣ. ಬಟ್ಟೆಯ ಮೇಲೆ ಶಾಯಿಯನ್ನು ಹಿಡಿಯುವ ಲೇಪವಿರುತ್ತದೆ. ಮಡಿಸುವ ಕಡೆ ಅದು ಬಿರಿಯಬಹುದು. ಆದಕಾರಣ ಮೊದಲೇ ವಾರ್ನಿಷು ಕೊಟ್ಟು ಒಂದು ದಿನವಾದರೂ ಚೆನ್ನಾಗಿ ಒಣಗಲು ಬಿಡಬೇಕು. ಬಳಿಕ ಶುಭ್ರವಾದ ಬಟ್ಟೆ ಹಾಸಿದ ಮೇಜಿನ ಮೇಲೆ ಚಿತ್ರವನ್ನು ಮುಖ ಕೆಳಗಾಗಿ ಹರಡಿ, ಮೇಲೆ ಚೌಕಟ್ಟನ್ನಿಟ್ಟು, ಬಟ್ಟೆಯ ನೂಲೂ ರೀಪಿನ ಅಂಚೂ ಒಂದೇ ನೇರದಲ್ಲಿವೆಯೇ ಎಂದು ನೋಡಬೇಕು. ಕನ್ನಡದಲ್ಲಿ ‘ಹಾಸುಹೊಕ್ಕು’ ಎನ್ನುತ್ತೇವಲ್ಲ, ಆ ಮಾತು ಇಲ್ಲಿ ಅಕ್ಷರಶಃ ಸತ್ಯ. ಹಾಸಿನ ನೂಲು ಒಂದು ದಿಕ್ಕಿಗೆ, ಹೊಕ್ಕಿನ ನೂಲು ಅದಕ್ಕೆ ಅಡ್ಡ. ನೂಲಿನ ನೇರಕ್ಕೆ ಎಳೆದರೆ ಬಟ್ಟೆ ತಡೆಯುತ್ತದೆ. ಓರೆಯಾಗಿ ಎಳೆದರೆ ಜಗ್ಗಿ ಚೌಕವೆಲ್ಲ ವಜ್ರಾಕಾರವಾಗುತ್ತದೆ. ಕರವಸ್ತ್ರವನ್ನು ಎದುರುಬದುರು ಮೂಲೆ ಹಿಡಿದು ಜಗ್ಗಿ ನೋಡಿದರೆ ಯಾರಿಗಾದರೂ ತಿಳಿದೀತು.

ಮೊದಲ ಪಿನ್ನು ಉದ್ದದ ಒಂದು ರೀಪಿನ ನಟ್ಟನಡುವೆ. ಎರಡನೆಯದು ಅದಕ್ಕೆ ಸರಿಯಾಗಿ ಎದುರು ರೀಪಿನ ನಡುವೆ, ಬಟ್ಟೆಯನ್ನು ಎಳೆದು ಹಿಡಿದು. ಆಮೇಲೆ ಉಳಿದ ಎರಡು ರೀಪುಗಳ ನಡುವೆ ಒಂದೊಂದು. ಹೀಗೆ ನಾಲ್ಕು ಪಿನ್ನು ಹೊಡೆದಾಗ ಬಟ್ಟೆಯ ಮೇಲೆ ವಜ್ರದಾಕಾರದ ಒಂದು ಸುಕ್ಕು ಕಾಣುತ್ತದೆ, ಅಂಜಬೇಕಾಗಿಲ್ಲ. ಅಲ್ಲಿಂದ ನಡುವಿನ ಪಿನ್ನಿನ ಎರಡು ಪಕ್ಕಕ್ಕೂ ಒಂದೊಂದು, ಕೂಡಲೆ ಎದುರುಗಡೆ ಅವಕ್ಕೆ ಸರಿಯಾಗಿ ಒಂದೊಂದು, ಹೀಗೆ ಸುಮಾರು ಎರಡು ಅಂಗುಲಕ್ಕೊಂದರಂತೆ ಮೂಲೆಯತ್ತ ಸಾಗಬೇಕು. ಬಟ್ಟೆಯನ್ನು ಹಿಡಿಯಲು ಅಗಲ ಬಾಯಿಯ ಇಕ್ಕಳವಿದ್ದರೆ ಎಳೆತ ಒಂದೇ ಸಮನಾಗಿ ಬರುತ್ತದೆ. ಬೆರಳಿನಿಂದ ಎಳೆದರೆ ಸಂಜೆಯ ಹೊತ್ತಿಗೆ ಬೆರಳೂ ಸೋಲುತ್ತದೆ, ಪಟವೂ ಸಡಿಲವಾಗುತ್ತದೆ.

ನಡುವಿನಿಂದಲೇ ಏಕೆ? ಒಂದು ಮೂಲೆಯಿಂದ ಆರಂಭಿಸಿದರೆ ಹೆಚ್ಚಿನ ಬಟ್ಟೆ ಇನ್ನೊಂದು ಕಡೆ ಗುಡ್ಡೆಬಿದ್ದು ಹೋಗಲು ದಾರಿಯಿಲ್ಲದೆ ಸುಕ್ಕಾಗಿ ನಿಲ್ಲುತ್ತದೆ. ನಡುವಿನಿಂದ ಹೊರಟರೆ ಸುಕ್ಕು ಮೂಲೆಯ ಕಡೆಗೆ ಸರಿಯುತ್ತ ಹೋಗಿ, ಕೊನೆಗೆ ಮೂಲೆಯ ಮಡಿಕೆಯಲ್ಲಿ ಅಡಗುತ್ತದೆ. ಎದುರುಬದುರಾಗಿಯೇ ಹೊಡೆಯುವುದೇಕೆಂದರೆ, ಒಂದು ಪಿನ್ನಿನ ಎಳೆತ ನೂಲಿನ ದಾರಿಯಲ್ಲಿಯೇ ಓಡಿ ಎದುರಿನ ಅಂಚನ್ನು ಮುಟ್ಟುತ್ತದೆ. ಅಲ್ಲಿ ಅದನ್ನು ಹಿಡಿಯುವ ಪಿನ್ನಿಲ್ಲದಿದ್ದರೆ ನೂಲು ಬಾಗುತ್ತದೆ, ನೂಲಿನೊಡನೆ ಚಿತ್ರವೂ ಬಾಗುತ್ತದೆ. ರವಿವರ್ಮನ ನಾಯಕಿಯ ಸೀರೆಯ ನೆರಿಗೆಯಲ್ಲಿ ಇಂಥ ಬಾಗು ಮುಚ್ಚಿಹೋದೀತು. ವಿಧಾನಸೌಧದ ಚಿತ್ರವಾದರೆ? ೧೯೫೬ರಲ್ಲಿ ಕಟ್ಟಿ ಮುಗಿಸಿದ ಆ ಕಲ್ಲಿನ ಕಂಬಗಳು ಒಂದು ಮಧ್ಯಾಹ್ನದಲ್ಲಿ ಸೊಂಟ ಬಳುಕಿಸಿ ನಿಲ್ಲುತ್ತವೆ. ನಮ್ಮ ಕಡೆಯ ಕಚೇರಿಗಳವರು ಈ ಚಿತ್ರವನ್ನು ಆಗಾಗ ಹಾಕಿಸುವುದುಂಟು. ಅದು ಬಂದ ದಿನ ಅಪ್ಪ ಯಾರೊಡನೆಯೂ ಮಾತನಾಡುವುದಿಲ್ಲ.

ಮೂಲೆಯ ಬಟ್ಟೆಯನ್ನು ಕತ್ತರಿಸಬಾರದು. ಕತ್ತರಿಸಿದರೆ ಮುಂದೆ ಎಂದಾದರೂ ಬಿಚ್ಚಿ ಬಿಗಿಯಬೇಕಾದಾಗ ಹಿಡಿಯಲು ಬಟ್ಟೆ ಇರುವುದಿಲ್ಲ. ಉಡುಗೊರೆಯ ಪೆಟ್ಟಿಗೆಗೆ ಕಾಗದ ಸುತ್ತುವಂತೆ ಒಳಕ್ಕೆ ಮಡಿಸಿ, ಮಡಿಕೆಯ ಗೆರೆ ಚಿತ್ರದ ಮೇಲುಗಡೆ ಅಥವಾ ಕೆಳಗಡೆಗೆ ಬರುವಂತೆ ಮಾಡಬೇಕು. ಪಕ್ಕದಲ್ಲಿ ನಿಂತು ನೋಡುವವರಿಗೆ ಅದು ಕಾಣಬಾರದು.

ಬಿಗಿತ ಎಷ್ಟಿರಬೇಕು? ಚಿತ್ರಕಾರರು ಬೆರಳಿನಿಂದ ತಟ್ಟಿದರೆ ತಮಟೆಯಂತೆ ನುಡಿಯಬೇಕೆನ್ನುತ್ತಾರೆ. ಮುದ್ರಿತ ಬಟ್ಟೆಯನ್ನು ಅಷ್ಟು ಬಿಗಿದರೆ ಲೇಪ ಬಿರಿಯುವ ಅಪಾಯವುಂಟು. ಮಂದವಾಗಿ ನುಡಿದರೆ ಸಾಕು. ತಮಟೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಜಾತ್ರೆಯಲ್ಲಿ ತಮಟೆಯವರು ನಡುನಡುವೆ ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸುವುದನ್ನು ಎಲ್ಲರೂ ಕಂಡಿದ್ದೇವೆ. ತೇವಕ್ಕೆ ಸಡಿಲವಾದ ಚರ್ಮ ಕಾವಿಗೆ ಬಿಗಿಯುತ್ತದೆ. ಕ್ಯಾನ್ವಾಸೂ ಮಳೆಗಾಲದಲ್ಲಿ ಸಡಿಲವಾಗುವುದುಂಟು. ಆದರೆ ಅದನ್ನು ಬೆಂಕಿಗೆ ಹಿಡಿಯುವಂತಿಲ್ಲ, ಕೆಲವರು ಹೇಳುವಂತೆ ಹಿಂದೆ ನೀರು ಚಿಮುಕಿಸುವುದೂ ಮುದ್ರಿತ ಬಟ್ಟೆಗೆ ಒಳ್ಳೆಯದಲ್ಲ. ಇದಕ್ಕಾಗಿಯೇ ಬೆಣೆಗಳಿರುವುದು. ಒಳ್ಳೆಯ ಚೌಕಟ್ಟಿನ ಮೂಲೆಗಳನ್ನು ಅಂಟು ಹಾಕಿ ಮುಚ್ಚುವುದಿಲ್ಲ. ಒಂದರೊಳಗೊಂದು ಸೇರಿಸಿ, ಒಳಗಡೆ ಮೂಲೆಗೆ ಎರಡರಂತೆ ಎಂಟು ಪುಟ್ಟ ಬೆಣೆಗಳನ್ನು ಸಿಕ್ಕಿಸಿರುತ್ತಾರೆ. ಬಟ್ಟೆ ಜೋತುಬಿದ್ದಾಗ ಎಂಟನ್ನೂ ಒಂದೇ ಸಮನಾಗಿ, ಸುತ್ತಿಗೆಯ ಒಂದೊಂದು ಸಣ್ಣ ಏಟಿನಿಂದ ಒಳಕ್ಕೆ ತಟ್ಟಿದರೆ ಮೂಲೆಗಳು ಕೂದಲೆಳೆಯಷ್ಟು ಅಗಲಿ ಬಟ್ಟೆ ತಾನಾಗಿ ಬಿಗಿಯುತ್ತದೆ. ಹಗ್ಗದ ಮಂಚದ ಕಾಲಕಡೆಯ ಹಗ್ಗವನ್ನು ಆಗಾಗ ಎಳೆದು ಕಟ್ಟುತ್ತಿದ್ದರಲ್ಲ, ಇದೂ ಅದೇ. ನಾನು ಕಂಡಮಟ್ಟಿಗೆ ನಮ್ಮ ಕಡೆಯ ಬಹುಪಾಲು ಚೌಕಟ್ಟುಗಳು ಅಂಟು ಮೊಳೆ ಹಾಕಿದವೇ. ಬೆಣೆಯದಕ್ಕೆ ಕೆಲಸ ಹೆಚ್ಚು, ಬೆಲೆಯೂ ಹೆಚ್ಚು. ಗಿರಾಕಿಗಳು ಮುದ್ರಣಕ್ಕೆ ಸಾವಿರಗಟ್ಟಲೆ ಕೊಟ್ಟು ಬಂದು ಬೆಣೆಗೆ ಚೌಕಾಸಿ ಮಾಡುತ್ತಾರೆ. ಬಿಲ್ಲಿನಲ್ಲಿ ಅಪ್ಪನ ಇಡೀ ಕೆಲಸಕ್ಕೆ ಇರುವ ಹೆಸರು ‘ಫಿಟಿಂಗ್’ ಎಂದು; ಬಲ್ಬು ಸಿಕ್ಕಿಸುವುದಕ್ಕೂ ಅದೇ ಹೆಸರು.

ಆದ್ದರಿಂದ ಓದುಗ ಮಿತ್ರರು ಎಂದಾದರೂ ಇಂಥ ಪಟವನ್ನು ಕೊಳ್ಳುವಾಗ, ಪ್ರತಿ ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನವರು ಕುಮಾರಕೃಪ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಲ್ಲಾಗಲಿ ಬೇರೆಲ್ಲಾಗಲಿ, ಮುಖವನ್ನು ಮೆಚ್ಚಿದ ಮೇಲೆ ಒಮ್ಮೆ ಬೆನ್ನನ್ನೂ ತಿರುಗಿಸಿ ನೋಡಿ. ಪಿನ್ನುಗಳ ಸಾಲು ನೇರವಾಗಿದೆಯೇ, ಹಿಂದೆ ಒಂದು ಅಂಗುಲಕ್ಕಾದರೂ ಬಟ್ಟೆ ಉಳಿದಿದೆಯೇ, ರೀಪಿಗೆ ಇಳಿಜಾರಿದೆಯೇ, ಬೆಣೆಯುಂಟೇ? ಮಾರುವವನು ನಿಮ್ಮನ್ನು ತಿಳಿದವರೆಂದು ಬಗೆದು ಬೆಲೆಯಲ್ಲಿ ಸ್ವಲ್ಪ ಇಳಿದರೂ ಇಳಿದಾನು. ಸುರುಳಿಯಾಗಿ ಕೊಂಡರೆ ಚಿತ್ರದ ಮುಖ ಹೊರಗಡೆ ಇರುವಂತೆ, ದಪ್ಪನೆಯ ಕೊಳವೆಯ ಮೇಲೆ ಸುತ್ತಿಸಿಕೊಳ್ಳಿ. ಬಿಗಿಯಾಗಿ ಒಳಮುಖ ಸುತ್ತಿದರೆ ಲೇಪ ಮುದುಡುತ್ತದೆ.

ಮನೆಯಲ್ಲಿ ತೂಗುಹಾಕುವಾಗ ಒಂದೇ ಮೊಳೆಗೆ ಬದಲು ಅಂತರವಿಟ್ಟು ಎರಡು ಮೊಳೆ ಹೊಡೆದರೆ ಪಟ ಓರೆಯಾಗುವುದಿಲ್ಲ. ಬಚ್ಚಲಮನೆಗೆ ತಾಗಿದ ಗೋಡೆ ಬೇಡ, ಪಡುವಣ ಬಿಸಿಲು 

ನೇರವಾಗಿ ಬೀಳುವ ಗೋಡೆಯೂ ಬೇಡ. ಚೌಕಟ್ಟಿನ ಕೆಳಗಡೆಯ ಎರಡು ಮೂಲೆಗಳಿಗೆ ಬಿರಡೆಯ ಚೂರು ಅಂಟಿಸಿದರೆ ಪಟಕ್ಕೂ ಗೋಡೆಗೂ ನಡುವೆ ಗಾಳಿಯಾಡುತ್ತದೆ. ಮಳೆಗಾಲ ಕಳೆದ ಮೇಲೆ ಒಮ್ಮೆ ಕೆಳಗಿಳಿಸಿ ಬೆನ್ನ ಕಡೆಯ ಧೂಳನ್ನು ಒಣ ಕುಂಚದಿಂದ ಗುಡಿಸಬೇಕು. ಕೆಳಗಿನ ರೀಪಿಗೂ ಬಟ್ಟೆಗೂ ನಡುವೆ ಗಾರೆಯ ಚೂರೋ ಬಿದ್ದ ಬೆಣೆಯೋ ಸೇರಿಕೊಂಡಿದ್ದರೆ ಮುಂಗಡೆ ಅದು ಮೊಡವೆಯಂತೆ ಉಬ್ಬಿ ಕಾಣುತ್ತದೆ. ಮುಂದಿನಿಂದ ಅದನ್ನು ಒತ್ತದೆ, ಹಿಂದಿನಿಂದ ತೆಳ್ಳನೆಯ ರಟ್ಟೊಂದನ್ನು ತೂರಿಸಿ ಮೆಲ್ಲಗೆ ಪಕ್ಕಕ್ಕೆ ತಳ್ಳಿ ಹೊರತೆಗೆಯಬೇಕು.